ಹವ್ಯಾಸಿಗಳಿಗೆ ಚಿಕ್ಕ ಟೂಲ್ ಮಾಡಿಕೊಟ್ಟರೆ ಎಷ್ಟು ಕೇಳಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ: ಮನೆಯಲ್ಲಿ ಚಿಕ್ಕ ಲೇಥ್ (ಲೋಹವನ್ನು ತಿರುಗಿಸಿ ಕೆತ್ತುವ ಯಂತ್ರ) ಇದೆ, ಕೈ ಪಳಗಿದೆ. ಹವ್ಯಾಸಿಗಳು ಬಂದು ಟ್ಯಾಪ್ ಫಾಲೋವರ್ (ತೂತಿನೊಳಗೆ ತಿರುಪಿನ ಎಳೆ ಕೊರೆಯುವ ಟ್ಯಾಪಿಗೆ ಆಸರೆ), ಡೈ ಹೋಲ್ಡರ್ (ಸರಳಿನ ಮೇಲೆ ಎಳೆ ಕೊರೆಯುವ ಡೈಗೆ ಹಿಡಿ), ಲೆನ್ಸ್ ಅಡಾಪ್ಟರ್ ಥರದ್ದನ್ನು ಮಾಡಿಕೊಡಿ ಅಂತಾರೆ. ಲೋಹದ ಬೆಲೆಯ ಮೂರು ಪಟ್ಟು ಕೇಳಿದರೆ ಸಾಕಾ ಅಂತ ನೀವು ಕೇಳಿದ್ದೀರಿ. ಸಾಕಾಗುವುದಿಲ್ಲ. ಆ ಲೆಕ್ಕದಲ್ಲಿ ಹೋದರೆ ಕೈಯಿಂದಲೇ ದುಡ್ಡು ಹಾಕಬೇಕಾಗುತ್ತದೆ.

ಬೆರಳುದ್ದದ ಸರಳಿನ ತುಂಡಿಗೆ ಮೂರು ಪಟ್ಟು ಹಾಕಿದರೂ ಬರುವುದು ಚಿಲ್ಲರೆ ಕಾಸು. ಚಿಕ್ಕ ಕೆಲಸದಲ್ಲಿ ಹೊತ್ತು ತಿನ್ನುವುದು ಸೆಟಿಂಗ್. ಚಿತ್ರ ಬರೆದುಕೊಳ್ಳಬೇಕು, ಸರಳು ಹುಡುಕಬೇಕು, ಸರಳನ್ನು ಕಚ್ಚಿ ಹಿಡಿಯುವ ಚಕ್ ಬದಲಿಸಬೇಕು, ಲೋಹ ಕೆತ್ತುವ ಟೂಲ್ ಬಿಟ್ ಸಾಣೆ ಹಿಡಿದು ಸೆಂಟರ್ ಎತ್ತರಕ್ಕೆ ಕೂರಿಸಬೇಕು, ಎದುರು ತುದಿಯ ಆಸರೆಯಾದ ಟೇಲ್‌ಸ್ಟಾಕ್ ನೆಟ್ಟಗಿದೆಯಾ ನೋಡಬೇಕು. ಇಷ್ಟಾದ ಮೇಲೆ ಲೋಹ ಕತ್ತರಿಸುವುದು ಅರ್ಧ ಗಂಟೆಯ ಕೆಲಸವೂ ಇರುವುದಿಲ್ಲ. ಗಿರಾಕಿಗೆ ಕಾಣುವುದು ಆ ಅರ್ಧ ಗಂಟೆ ಮಾತ್ರ, ಅದೇ ತಕರಾರು.

ದುಡ್ಡಿನ ಬದಲು ನಿಮಿಷದಲ್ಲಿ ಲೆಕ್ಕ ಹಾಕೋಣ. ಒಂದು ಟೂಲ್‌ನ ಸೆಟಿಂಗ್‌ಗೆ 120 ನಿಮಿಷ, ಆಮೇಲೆ ಒಂದೊಂದಕ್ಕೆ 25 ನಿಮಿಷ ಅಂದುಕೊಳ್ಳಿ. ಒಂದೇ ಒಂದು ಮಾಡಿದರೆ ಅದಕ್ಕೆ ಬಿದ್ದಿದ್ದು 145 ನಿಮಿಷ. ಹತ್ತು ಮಾಡಿದರೆ ಒಟ್ಟು 370, ಅಂದರೆ ತಲಾ 37 ನಿಮಿಷ. ಹತ್ತರ ಜೊತೆ ಕೆಡಬಹುದು ಅಂತ ಇನ್ನೊಂದನ್ನು ಸೇರಿಸಿ ಮಾಡಿದರೂ ತಲಾ 40 ದಾಟುವುದಿಲ್ಲ. ಬೆಲೆ ಹೇಳುವಾಗ ಈ ಎರಡನ್ನೂ ಬೇರೆ ಬೇರೆಯಾಗಿ ಹೇಳಿ: ಸೆಟಿಂಗ್‌ಗೆ ಇಷ್ಟು, ಆಮೇಲೆ ಒಂದಕ್ಕೆ ಇಷ್ಟು. ಆಗ ಅವರೇ "ಹಾಗಾದ್ರೆ ನನ್ನ ಸ್ನೇಹಿತರಿಗೂ ಬೇಕಾ ಕೇಳಿ ಬರ್ತೀನಿ" ಅಂತಾರೆ. ಚೌಕಾಸಿ ಮಾಡುವವರ ಬಾಯಿಗೂ ಇದೇ ಉತ್ತರ. ರೇಟು ಇಳಿಸಬೇಡಿ, ಸಂಖ್ಯೆ ಜಾಸ್ತಿ ಮಾಡಲು ಹೇಳಿ.

ಗಂಟೆಗೆ ಎಷ್ಟು ಅನ್ನುವುದು ನಿಮಗೆ ಬಿಟ್ಟಿದ್ದು. ಒಂದು ಮಾತು ಮಾತ್ರ ನೆನಪಿರಲಿ. ಮೆಸೇಜಿಗೆ ಉತ್ತರ ಕೊಡುವುದು, ಚೂರು ಗುಡಿಸುವುದು, ಎಣ್ಣೆ ಒರೆಸಿ ಪ್ಯಾಕ್ ಮಾಡುವುದು, ಇದಕ್ಕೆ ಯಾರೂ ಬಿಲ್ ಹಾಕುವುದಿಲ್ಲ. ಆ ಹೊತ್ತನ್ನೂ, ಡ್ರಿಲ್, ರೀಮರ್ (ತೂತನ್ನು ಸರಿಯಾದ ಅಳತೆಗೆ ತರುವ ಟೂಲ್), ಬಿಟ್ ಸವೆದದ್ದನ್ನೂ ಬಿಲ್ ಆಗುವ ಗಂಟೆಗಳೇ ಹೊರಬೇಕು.

ಬೆಲೆ ಏರಿಸುವ ಇನ್ನೊಂದು ಸಂಗತಿ ಟಾಲರೆನ್ಸ್, ಅಂದರೆ ಅಳತೆಯಲ್ಲಿ ಎಷ್ಟು ಹೆಚ್ಚುಕಡಿಮೆ ಆದರೆ ನಡೆಯುತ್ತದೆ ಅನ್ನುವುದು. ನನಗೆ ಇದರ ಬಗ್ಗೆ ಮಾತಾಡುವುದೇ ಇಷ್ಟ, ಸ್ವಲ್ಪ ಉದ್ದ ಆದರೆ ಸಹಿಸಿಕೊಳ್ಳಿ. ಟ್ಯಾಪ್ ಫಾಲೋವರ್ ತಗೊಳ್ಳಿ. ಟ್ಯಾಪ್ ನೆಟ್ಟಗೆ ಇಳಿಯಲಿ ಅಂತ ಅದರ ಹಿಂದೆ ಒತ್ತಿ ಹಿಡಿಯುವ ಸ್ಪ್ರಿಂಗ್ ಕಡ್ಡಿ ಅದು. ಹೊರಗೆ 12 ಮಿ.ಮೀ. ಒಡಲು, ಒಳಗೆ 6 ಮಿ.ಮೀ. ಪ್ಲಂಜರ್, ತುದಿ 60 ಡಿಗ್ರಿ ಚೂಪು. ಹೊರಗಿನ ಅಳತೆ 12ರ ಬದಲು 11.8 ಆದರೆ ಏನೂ ಆಗುವುದಿಲ್ಲ, ಹೇಗೂ ಡ್ರಿಲ್ ಚಕ್ ಕಚ್ಚಿ ಹಿಡಿಯುತ್ತದೆ. ಒಳಗಿನ ತೂತಿಗೂ ಹೊರಮೈಗೂ ಸೆಂಟರ್ ಒಂದೇ ಇರಬೇಕು, ಪ್ಲಂಜರ್ ಅಲ್ಲಾಡದೆ ಜಾರಬೇಕು. ಇಷ್ಟೇ ಮುಖ್ಯ. ಹಾಗಾಗಿ ಹೊರಮೈ, ತೂತು ಎರಡನ್ನೂ ಚಕ್‌ನಿಂದ ಬಿಚ್ಚದೆ ಒಂದೇ ಹಿಡಿತದಲ್ಲಿ ಮುಗಿಸಿ. ಬಿಚ್ಚಿ ತಿರುಗಿಸಿ ಹಾಕಿದರೆ ಸಾಮಾನ್ಯ ಮೂರು ದವಡೆ ಚಕ್‌ನಲ್ಲಿ 0.05ರಿಂದ 0.1 ಮಿ.ಮೀ. ಓಲಾಟ ಬಂದರೆ ಆಶ್ಚರ್ಯವಿಲ್ಲ. ತೂತನ್ನು 5.8ಕ್ಕೆ ಡ್ರಿಲ್ ಮಾಡಿ ಎಚ್7 (ತೂತಿನ ಟಾಲರೆನ್ಸಿನ ಒಂದು ದರ್ಜೆ) ರೀಮರ್ ಹಾಕಿ. 6 ಮಿ.ಮೀ.ಗೆ ಎಚ್7 ಅಂದರೆ ತೂತು 6.000ರಿಂದ 6.012ರ ಒಳಗಿರಬೇಕು. ಪ್ಲಂಜರನ್ನು ಟರ್ನಿಂಗ್ ಮಾಡಲು, ಅಂದರೆ ಲೇಥಿಗೆ ಹಾಕಿ ಕೆತ್ತಿ ಅಳತೆಗೆ ತರಲು, ಹೋಗಲೇಬೇಡಿ. ಗ್ರೈಂಡ್ ಮಾಡಿದ ಸಿಲ್ವರ್ ಸ್ಟೀಲ್ (ಬೆಳ್ಳಿಯಲ್ಲ, ಟೂಲ್ ಮಾಡುವ ಉಕ್ಕು) ಸರಳು 6 ಮಿ.ಮೀ.ಗೆ ರೆಡಿ ಸಿಗುತ್ತದೆ, ತುಂಡು ಮಾಡಿ ತುದಿ ಚೂಪು ಮಾಡಿದರೆ ಮುಗಿಯಿತು. ಸರಳಿಗೆ ನಾಲ್ಕು ಕಾಸು ಜಾಸ್ತಿ ಬೀಳುತ್ತದೆ, ಅರ್ಧ ಗಂಟೆಯ ಒದ್ದಾಟ ಉಳಿಯುತ್ತದೆ.

ನರ್ಲಿಂಗ್ (ಕೈ ಜಾರದಿರಲಿ ಅಂತ ಮೈಮೇಲೆ ಒತ್ತುವ ಗೆರೆ) ಬೇಕಾ ಅಂತಲೂ ಮೊದಲೇ ಕೇಳಿ. ಅಂದಕ್ಕೆ ಅಂತ ಬೇಕಾದರೆ ಅದಕ್ಕೂ ಬೆಲೆ ಇದೆ ಅಂತ ಹೇಳಿಬಿಡಿ. ಪ್ಲಂಜರ್ ತುದಿಗೆ ಹಾರ್ಡನಿಂಗ್ (ಕಾಯಿಸಿ ಗಟ್ಟಿ ಮಾಡುವುದು) ಕೂಡ ಹಾಗೇ.

ಈಗ ಥ್ರೆಡ್, ಅಂದರೆ ತಿರುಪಿನ ಎಳೆಯ ವಿಷಯ. ದುಡ್ಡು ಕಳೆದುಕೊಳ್ಳುವುದು ಇಲ್ಲೇ ಜಾಸ್ತಿ. ಹಳೇ ಕ್ಯಾಮೆರಾ ಲೆನ್ಸ್‌ನವರು ಬಂದು "ಎಂ42 ಥ್ರೆಡ್ ಸಾರ್, ಅಡಾಪ್ಟರ್ ಮಾಡಿಕೊಡಿ" ಅಂತಾರೆ. ಹಳೇ ಸ್ಕ್ರೂ ಮೌಂಟ್ ಲೆನ್ಸ್‌ಗಳ ಪಿಚ್ (ಎಳೆಯಿಂದ ಎಳೆಗೆ ಇರುವ ದೂರ) 1 ಮಿ.ಮೀ. ಟೆಲಿಸ್ಕೋಪಿನವರು ಬಳಸುವ ಟಿ-ಥ್ರೆಡ್ ಕೂಡ 42 ಮಿ.ಮೀ.ಯದೇ, ಆದರೆ ಪಿಚ್ 0.75. ಕಣ್ಣಿಗೆ ಎರಡೂ ಒಂದೇ. ಒಂದಕ್ಕೆ ಇನ್ನೊಂದನ್ನು ತಿರುಗಿಸಿದರೆ ಒಂದೆರಡು ಸುತ್ತು ಹೋಗಿ ಕಚ್ಚಿಕೊಳ್ಳುತ್ತದೆ. ಮೈಕ್ರೋಸ್ಕೋಪ್ ಆಬ್ಜೆಕ್ಟಿವ್‌ನವರು ಬಂದರಂತೂ ರಾಯಲ್ ಮೈಕ್ರೋಸ್ಕೋಪಿಕಲ್ ಸೊಸೈಟಿ ಗೊತ್ತುಮಾಡಿದ ಆರ್‌ಎಂಎಸ್ ಥ್ರೆಡ್: ಇಂಚಿಗೆ 36 ಎಳೆ, ಕೋನ 55 ಡಿಗ್ರಿ. ಮೆಟ್ರಿಕ್‌ಗೆ ಸಾಣೆ ಹಿಡಿದ 60 ಡಿಗ್ರಿ ಬಿಟ್ ಅಲ್ಲಿ ನಡೆಯುವುದಿಲ್ಲ. ಅದಕ್ಕೇ ನನ್ನ ಪದ್ಧತಿ ಏನೆಂದರೆ, ಜೋಡಿಯ ಇನ್ನೊಂದು ಭಾಗ ನನ್ನ ಕೈಗೆ ಬರದೆ ಥ್ರೆಡ್ ಕೆಲಸ ಒಪ್ಪುವುದಿಲ್ಲ. ಫೋಟೋ ಸಾಲದು, ವಸ್ತುವೇ ಬೇಕು.

ಥ್ರೆಡ್‌ಗೆ ಹೊತ್ತೂ ಜಾಸ್ತಿ. ನಿಮ್ಮ ಲೇಥ್‌ನ ಲೀಡ್ ಸ್ಕ್ರೂ (ಟೂಲನ್ನು ಉದ್ದಕ್ಕೆ ಎಳೆಯುವ ತಿರುಪು) ಇಂಚಿನದಾಗಿದ್ದರೆ ಮೆಟ್ರಿಕ್ ಪಿಚ್ ಕರಾರುವಾಕ್ಕಾಗಿ ಬರಲು 127 ಹಲ್ಲಿನ ಗೇರ್ ಹಾಕಬೇಕು. ಕೆಲಸ ಮುಗಿಯುವವರೆಗೆ ಹಾಫ್ ನಟ್ (ಆ ತಿರುಪನ್ನು ಕಚ್ಚಿ ಹಿಡಿಯುವ ನಟ್) ಬಿಡುವ ಹಾಗಿಲ್ಲ, ಪ್ರತಿ ಸಲವೂ ಟೂಲ್ ಹಿಂದೆ ತೆಗೆದು ಮೋಟಾರ್ ಉಲ್ಟಾ ತಿರುಗಿಸಿ ವಾಪಸ್ ಬರಬೇಕು. ಹತ್ತಾರು ಸಲ ಹೀಗೆ ಹೋಗಿ ಬಂದರೆ ಒಂದು ಥ್ರೆಡ್. ಅಲ್ಯೂಮಿನಿಯಂ ಅಡಾಪ್ಟರ್ ಆದರೆ ಬಿಸಿಯಿರುವಾಗ ಅಳೆಯಬೇಡಿ. 42 ಮಿ.ಮೀ. ಅಳತೆಯಲ್ಲಿ 30 ಡಿಗ್ರಿ ಸೆಲ್ಸಿಯಸ್ ಜಾಸ್ತಿ ಬಿಸಿ ಇದ್ದರೆ ಹತ್ತಿರ ಹತ್ತಿರ 0.03 ಮಿ.ಮೀ. ಹಿಗ್ಗಿರುತ್ತದೆ. ಚಕ್‌ನಲ್ಲೇ ಆರಲು ಬಿಟ್ಟು, ಜೋಡಿಯ ಭಾಗ ತಿರುಗಿಸಿ ನೋಡಿ, ಆಮೇಲೆ ಬಿಚ್ಚಿ. ಹಾಗೆ ಆರುವ ಹೊತ್ತೂ ನಿಮ್ಮದೇ ಹೊತ್ತು, ಲೆಕ್ಕಕ್ಕೆ ಸೇರಿಸಿ.

ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ಮಾಡಿದ ಟೂಲ್ ತೋರಿಸಿ "ಇದು ಇಷ್ಟಕ್ಕೇ ಸಿಗುತ್ತಲ್ಲಾ" ಅಂದರೆ, ಸುಮ್ನೆ ವಾದ ಬೇಡ, "ಅದನ್ನೇ ತಗೊಳ್ಳಿ" ಅನ್ನಿ. ನಿಜವಾಗಿಯೂ ಅದೇ ಒಳ್ಳೆಯದು. ನಿಮ್ಮ ಹತ್ತಿರ ಬರಬೇಕಾದ್ದು ಅಂಗಡಿಯಲ್ಲಿ ಸಿಗದ್ದು: ವಿಚಿತ್ರ ಪಿಚ್‌ನ ಅಡಾಪ್ಟರ್, ಹಳೇ ಲೇಥ್‌ನ ಟೇಲ್‌ಸ್ಟಾಕಿಗೇ ಹೊಂದುವ ಡೈ ಹೋಲ್ಡರ್, ಒಂದೇ ಮಾದರಿಯ ಲೆನ್ಸ್ ಬಿಚ್ಚುವ ಪಿನ್ ಸ್ಪ್ಯಾನರ್. ಅಲ್ಲಿ ಹೋಲಿಸಲು ಬೇರೆ ಬೆಲೆಯೇ ಇರುವುದಿಲ್ಲ.

ಒಂದೇ ಪೀಸ್ ಕೇಳುವವರಿಗೆ ಸೆಟಿಂಗ್ ಹಣ ಮುಂಗಡ ತಗೊಳ್ಳಿ. ಅದೇ ಟೂಲ್ ಇನ್ನೂ ಕೆಲವರು ಕೇಳಬಹುದು ಅನ್ನಿಸಿದರೆ ಮಾತ್ರ ಆರೋ ಎಂಟೋ ಮಾಡಿಟ್ಟು ಸೆಟಿಂಗ್ ಹಂಚಿ ಬೆಲೆ ಹೇಳಿ. ಬಿಟ್‌ನ ಕೋನ, ಗೇರ್‌ಗಳ ಜೋಡಣೆ, ಯಾವ ಕ್ರಮದಲ್ಲಿ ಮಾಡಿದಿರಿ ಅನ್ನುವುದನ್ನು ಒಂದು ಹಾಳೆಯಲ್ಲಿ ಬರೆದಿಡಿ, ಮುಂದಿನ ಸಲ ಸೆಟಿಂಗ್ ಹೊತ್ತು ಕಡಿಮೆಯಾಗುತ್ತದೆ. ಗ್ರೈಂಡಿಂಗ್ ವೀಲ್ ಕೂರಿಸುವ ಆರ್ಬರ್, ಭಾರ ಎತ್ತುವ ಕೊಕ್ಕೆ, ಇಂಥವನ್ನು ಕೇಳಿಕೊಂಡು ಬಂದರೆ ಎಷ್ಟು ಕೊಟ್ಟರೂ ಬೇಡ ಅನ್ನಿ. ಮುರಿದರೆ ಯಾರಿಗೋ ಏಟು ಬೀಳುವ ಕೆಲಸಕ್ಕೆ ಮನೆಯ ಲೇಥ್‌ನಲ್ಲಿ ಜವಾಬ್ದಾರಿ ಹೊರಲು ಆಗುವುದಿಲ್ಲ.