ಮನೆಯಲ್ಲೇ ಆಟೋಮ್ಯಾಟಿಕ್ ಏರ್‌ಗನ್ ಮಾಡಲು ಸ್ಪ್ರಿಂಗ್ ಒಳ್ಳೆಯದಾ, ಗಾಳಿ ಟ್ಯಾಂಕಾ?

ತೋಟದ ಮಂಗ ಓಡಿಸಲು, ಪಿವಿಸಿ ಪೈಪಿನ ಟ್ಯಾಂಕು ಸಾಕಾಗುತ್ತದಾ ಅಂತಲೂ ಕೇಳಿದ್ದೀರಿ. ಡಿಪ್ಲೊಮಾ ಎರಡನೇ ವರ್ಷ ಬೇರೆ. ಓದುತ್ತಿದ್ದ ಹಾಗೇ ನನ್ನ ಎಡಗೈ ನೋಡಿಕೊಂಡೆ.

2009. ನಾನೂ ಎರಡನೇ ವರ್ಷ, ಮೆಕ್ಯಾನಿಕಲ್. ಸಾಗರದ ಕಡೆ ನಮ್ಮದು ಎರಡು ಎಕರೆ ಅಡಿಕೆ ತೋಟ. ಎಳೆ ಅಡಿಕೆ ಚೀಪಿ ಎಸೆಯುವ ಮಂಗಗಳ ಹಿಂದೆ ಅಪ್ಪ ದಿನವಿಡೀ ಡಬ್ಬ ಬಡಿದುಕೊಂಡು ಓಡುತ್ತಿದ್ದರು. ಮನೆಯಲ್ಲಿ ನಳಿಗೆ ಮಡಚಿ ಒಂದೊಂದೇ ಗುಂಡು ಹಾಕುವ ಏರ್‌ಗನ್ ಇತ್ತು. ಸ್ಪ್ರಿಂಗಿನ ಕತೆ ಅಷ್ಟೇ, ಪ್ರತಿ ಗುಂಡಿನ ಬಲವನ್ನೂ ನಿಮ್ಮ ತೋಳೇ ಕೊಡಬೇಕು. ಬಿಡದೆ ಹೊಡೆಯಬೇಕು ಅಂದವರು ಕೊನೆಗೆ ಟ್ಯಾಂಕಿಗೇ ಬಂದು ನಿಲ್ಲುತ್ತಾರೆ. ನಾನೂ ನಿಂತೆ.

ಪಂಪ್‌ಸೆಟ್ಟಿನ ಕೆಲಸದಲ್ಲಿ ಉಳಿದ ಎರಡಿಂಚಿನ ಪೈಪು, ಎರಡಡಿ ತುಂಡು. ಅಂಗಡಿಯವರು 6 ಕೆ.ಜಿ. ಪೈಪು ಅಂತಾರಲ್ಲ, ಅದು. ಚದರ ಸೆಂಟಿಮೀಟರಿಗೆ 6 ಕೆ.ಜಿ. ಒತ್ತಡ ತಡೆಯುತ್ತದೆ, ಅಂದರೆ ಸುಮಾರು 85 ಪಿಎಸ್‌ಐ, ನಾನು 80ಕ್ಕೇ ನಿಲ್ಲಿಸುತ್ತೇನೆ ಅಂತ ಲೆಕ್ಕ ಹಾಕಿದೆ. ಪಂಕ್ಚರ್ ಅಂಗಡಿಯಲ್ಲಿ ಗಾಳಿ ತುಂಬಿಸಿ, ಚಿಕ್ಕಪ್ಪನ ಮಗನ ಬೈಕಿನ ಹಿಂದೆ, ಮಗು ಕೂರಿಸಿಕೊಂಡ ಹಾಗೆ ತೊಡೆ ಮೇಲಿಟ್ಟುಕೊಂಡು ಮನೆಗೆ ತಂದೆ. ಅಂಗಳದ ಬಿಸಿಲಲ್ಲಿಟ್ಟು ಊಟಕ್ಕೆ ಹೋದೆ. ಬಂದು ಎಡಗೈಯಲ್ಲಿ ಎತ್ತಿದೆ, ಅಷ್ಟೇ. ಒಂದು ಚೂರು ಜಗಲಿಯ ಮರದ ಕಂಬಕ್ಕೆ ನೆಟ್ಟುಕೊಂಡಿತ್ತು, ಅಪ್ಪ ಇಕ್ಕಳ ಹಾಕಿ ಕಿತ್ತರು. ನನ್ನ ಎರಡು ಬೆರಳು ಇವತ್ತಿಗೂ ಪೂರ್ತಿ ಮಡಚುವುದಿಲ್ಲ. ಅಂಗಿಯ ಗುಂಡಿ ಬಲಗೈಯಲ್ಲೇ ಹಾಕಿಕೊಳ್ಳುತ್ತೇನೆ.

ತಪ್ಪು ಎಲ್ಲಿ ಅಂದರೆ, ಆ 6 ಕೆ.ಜಿ. ನೀರಿಗೆ. ಗಾಳಿಗಲ್ಲ. ನೀರನ್ನು ಎಷ್ಟು ಒತ್ತಿದರೂ ಹೆಚ್ಚೂಕಮ್ಮಿ ಕುಗ್ಗುವುದಿಲ್ಲ, ಪೈಪು ಸೀಳಿದರೆ ಒಂದು ಸಲ ಚಿಮ್ಮಿ ಒತ್ತಡ ಸತ್ತೇ ಹೋಗುತ್ತದೆ. ಗಾಳಿ ಹಾಗಲ್ಲ, ಒತ್ತಿದ ಅಷ್ಟೂ ಶಕ್ತಿಯನ್ನು ಹಿಡಿದಿಟ್ಟುಕೊಂಡು ಕೂತಿರುತ್ತದೆ. ಆಮೇಲೆ ಲೆಕ್ಕ ಹಾಕಿ ನೋಡಿದೆ, ನನ್ನ ಆ ತುಂಡಿನಲ್ಲಿ ಸಾವಿರ ಜೂಲ್‌ಗೂ ಜಾಸ್ತಿ ಇತ್ತು. ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದಾದ ಏರ್‌ಗನ್ನಿನ ಗುಂಡಿಗೆ ಇರುವ ಮಿತಿ 20 ಜೂಲ್! ಜೊತೆಗೆ ಪೈಪಿನ ಆ ಅಂಕಿ 27 ಡಿಗ್ರಿಗೆ ಕೊಟ್ಟದ್ದು, ಬಿಸಿಯಾದಷ್ಟೂ ತಾಕತ್ತು ಇಳಿಯುತ್ತದೆ. ನಾನು ಇಟ್ಟದ್ದು ಏಪ್ರಿಲ್ ಬಿಸಿಲಿಗೆ. ಇನ್ನು ಪಿವಿಸಿ ಕಬ್ಬಿಣದ ಹಾಗೆ ಉಬ್ಬಿ ಹರಿಯುವುದಿಲ್ಲ, ಗಾಜಿನ ಹಾಗೆ ಚೂರಾಗುತ್ತದೆ. ದಪ್ಪ ಪೈಪು ತಗೊಂಡರೆ ಸರಿಹೋಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಟ್ಯಾಂಕಿನ ತಲೆನೋವು ಹೊಸದೇನಲ್ಲ. 1780ರ ಹೊತ್ತಿಗೇ ಆಸ್ಟ್ರಿಯಾದ ಸೈನ್ಯದಲ್ಲಿ ಜಿರಾಂಡೋನಿ ಅಂತ ಒಂದರ ಹಿಂದೊಂದು ಗುಂಡು ಬಿಡುವ ಗಾಳಿ ಬಂದೂಕು ಇತ್ತು. ಟ್ಯಾಂಕು ತುಂಬಲು ಸುಮಾರು 1500 ಸಲ ಪಂಪು ಹೊಡೆಯಬೇಕಿತ್ತಂತೆ. ಅವರಿಗೂ ಕಷ್ಟವಾಗಿದ್ದು ಆ ಟ್ಯಾಂಕು ಮಾಡುವುದೇ.

ಕಾನೂನಿಗೆ ಬಂದರೆ, ಸುಮ್ನೆ ಏರ್‌ಗನ್ ತಾನೇ ಅನ್ನಬೇಡಿ. ನಮ್ಮ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬಂದೂಕು ಅಂದರೆ ಮದ್ದಿನಿಂದ ಹಾರಿಸುವುದಷ್ಟೇ ಅಲ್ಲ, ಬೇರೆ ಯಾವ ಶಕ್ತಿಯಿಂದ ಹಾರಿಸಿದರೂ ಬಂದೂಕೇ. ಕುದುರೆ, ಅಂದರೆ ಟ್ರಿಗರ್, ಒತ್ತಿ ಹಿಡಿದಷ್ಟು ಹೊತ್ತು ಗುಂಡು ಬರುತ್ತಿದ್ದರೆ ಅದು ನಿಷೇಧಿತ ಆಯುಧ. 2019ರ ತಿದ್ದುಪಡಿ ಆದ ಮೇಲೆ ಅದನ್ನು ಇಟ್ಟುಕೊಂಡರೆ ಕಡಿಮೆ ಅಂದರೂ 7 ವರ್ಷ, ಮಾಡಿದರೆ ಕಡಿಮೆ ಅಂದರೂ 10 ವರ್ಷ ಜೈಲು. ಮಂಗ ಸತ್ತರೆ ಅರಣ್ಯ ಇಲಾಖೆಯ ಕೇಸು ಬೇರೆ.

ಹಾಗಾಗಿ ಎರಡೂ ಬೇಡ. ಸ್ಪ್ರಿಂಗೂ ಬೇಡ, ಟ್ಯಾಂಕೂ ಬೇಡ. ನಿಜ ಹೇಳಿ, ನಿಮಗೆ ಬೇಕಾದದ್ದು ಮಂಗ ಓಡುವುದಾ, ಇಲ್ಲ ಆ ಮೆಕ್ಯಾನಿಸಂ ಮಾಡಿ ನೋಡುವ ಚಟವಾ? ನನಗಂತೂ ಎರಡನೆಯದೇ ಇತ್ತು, ಮಂಗ ಒಂದು ನೆಪ. ಚಟ ಒಳ್ಳೆಯದೇ. ನಾನೀಗ ಪೀಣ್ಯದಲ್ಲಿ ಅದರಲ್ಲೇ ಅನ್ನ ತಿನ್ನುತ್ತಿದ್ದೇನೆ, ದಿನವಿಡೀ ಗಾಳಿ ಸಿಲಿಂಡರು, ಕರೆಂಟಿನಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವು. ನಿಮ್ಮ ಪ್ರಾಜೆಕ್ಟಿಗೆ ಒಡಕು ಅಡಿಕೆಯನ್ನು ಗಾಳಿ ಊದಿ ಬೇರೆ ಮಾಡುವ ಮಷೀನು ಮಾಡಿ. ಕಾಲೇಜಿನ ವರ್ಕ್‌ಶಾಪಿನ ಕಂಪ್ರೆಸರು, ಸೇಫ್ಟಿ ವಾಲ್ವ್ ಇರುವಂಥದ್ದು, ಒತ್ತಡ 2 ಬಾರ್ ಸಾಕು. ವಾಲ್ವು ಗುಜರಿಯಲ್ಲೂ ಸಿಗುತ್ತದೆ, ಆದರೆ ಕಾಯಿಲ್ 24 ವೋಲ್ಟಿನದಾ 230ರದ್ದಾ ನೋಡಿ ತನ್ನಿ.

ಮಂಗಕ್ಕೆ ಅಪ್ಪ ಆಮೇಲೆ ಎರಡು ನಾಯಿ ಸಾಕಿದರು. ಅವು ಬಂದ ಮೇಲೆ ಮಂಗಗಳು ಪಕ್ಕದ ಮನೆಯವರ ತೋಟಕ್ಕೆ ಹೋಗುತ್ತಿವೆ, ಅವರು ನಮ್ಮ ಹತ್ತಿರ ಮಾತು ಬಿಟ್ಟಿದ್ದಾರೆ.