ಮೆಷಿನ್ ತೋರಿಸಿದ್ದೇ ಬರೆಯಿರಿ

ಡೇರಿ ಚುನಾವಣೆಯೋ ಪಂಚಾಯಿತಿ ಚುನಾವಣೆಯೋ ಮುಗಿದ ಮೇಲೆ ಕೋಲಾರದ ಹಳ್ಳಿಗಳಿಂದ ಒಂದೇ ಬಗೆಯ ತೊಂದರೆ ಹೊತ್ತವರು ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಬರುತ್ತಾರೆ. ನಿದ್ದೆ ಇಲ್ಲ, ಎದೆ ಹಿಡಿದಂತಾಗುತ್ತದೆ, ಇಸಿಜಿಯಲ್ಲಿ ಏನೂ ಇಲ್ಲ. ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ. ಆದರೂ ಯಾವ ಮನೆ ಯಾವ ಕಡೆ ಎಂದು ಊರಿಗೆಲ್ಲ ಗೊತ್ತು.

ಹಾಗೆ ಬಂದ ಒಬ್ಬರು ಮುಳಬಾಗಿಲು ಕಡೆಯ ಒಂದು ಹಾಲು ಉತ್ಪಾದಕರ ಸಂಘದಲ್ಲಿ ಟೆಸ್ಟರ್, ಅಂದರೆ ಹಾಲು ಪರೀಕ್ಷಿಸಿ ಬರೆದುಕೊಳ್ಳುವವರು. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಸಂಘ ಅವರ ಕಡೆಯವರ ಕೈಗೆ ಬಂದ ಮೇಲೆ, ಎದುರು ಗುಂಪಿನ ಕೆಲವು ಮನೆಗಳ ಹಾಲಿಗೆ ಫ್ಯಾಟ್, ಅಂದರೆ ಕೊಬ್ಬಿನ ಅಂಶ, ಇಳಿಸಿ ಬರೆಯುವಂತೆ ಬಾಯಿಮಾತಿನ ಸೂಚನೆ ಬಂತು. ಫ್ಯಾಟ್ ಇಳಿದರೆ ಹಾಲಿನ ದರವೂ ಇಳಿಯುತ್ತದೆ. ಮೆಷಿನ್ 4.1 ತೋರಿಸಿದರೆ ಪುಸ್ತಕದಲ್ಲಿ 3.6. ಅಂಕಿಯನ್ನು ಕೈಯಲ್ಲೇ ಬರೆಯುವ ಡೇರಿ ಅದು.

ಮೊದಲೆಲ್ಲ ನಿದ್ದೆಯ ಮಾತು, ಇಲ್ಲವೇ ‘ಅವರಿದ್ದಾಗ ನಮ್ಮೋರಿಗೂ ಹಿಂಗೇ ಮಾಡಿದ್ರು’ ಎಂಬ ಮಾತು. ಸರಿ ತಪ್ಪಿನ ಚರ್ಚೆ ಬಿಟ್ಟು, ಒಂದು ಬೆಳಗಿನ ಸಾಲನ್ನು ಕ್ಯಾನು ಕ್ಯಾನಾಗಿ ಹೇಳಿ ಎಂದೆ. ಯಾರು ಎಷ್ಟು ಲೀಟರ್ ತಂದರು, ಮೆಷಿನ್ ಏನು ತೋರಿಸಿತು, ನೀವೇನು ಬರೆದಿರಿ. ಏಳೆಂಟು ಕ್ಯಾನು ಆಗುವಷ್ಟರಲ್ಲಿ ಅವರೇ ನಿಂತರು.

“ಒಬ್ಬರಿಗೆ ಇಳಿಸಿದ್ರೆ ಇನ್ನೊಬ್ಬರಿಗೆ ಏರಿಸ್ಲೇಬೇಕು ಮೇಡಂ. ಇಲ್ದಿದ್ರೆ ಟ್ಯಾಂಕರ್ ಲೆಕ್ಕಕ್ಕೂ ನಮ್ ಲೆಕ್ಕಕ್ಕೂ ತಾಳೆ ಆಗಲ್ಲ, ಕೇಳ್ತಾರೆ.” ಸ್ವಲ್ಪ ಹೊತ್ತು ಬಿಟ್ಟು, “ನಮ್ಮನೆ ಹಾಲಿಗೂ ಏರಿಸಿದೀನಿ.”

ಅದೇ ಸಾಲಿನಲ್ಲಿದ್ದ ಒಬ್ಬ ಅಜ್ಜಿಯ ಲೆಕ್ಕ ತೆಗೆದೆವು. ಎರಡು ಹೊತ್ತು ಸೇರಿ ಎಂಟು ಲೀಟರ್, ಲೀಟರಿಗೆ ಎರಡು ರೂಪಾಯಿ ಕಡಿಮೆ. ಹದಿನೈದು ದಿನದ ಬಟವಾಡೆಗೆ 240 ರೂಪಾಯಿ. “ಅಜ್ಜಿ ಯಾರಿಗೆ ಓಟು ಹಾಕಿದ್ರೋ ಗೊತ್ತಿಲ್ಲ ಮೇಡಂ. ಮಗ ಆ ಕಡೆ ಮೆರವಣಿಗೇಲಿದ್ದ.”

ಆಪ್ತಸಲಹೆಗಾರರು ನೀತಿ ಹೇಳಬಾರದು, ಪಾಪಪ್ರಜ್ಞೆ ಇಳಿಸಿ ಕಳುಹಿಸಬೇಕು ಎನ್ನುವ ಸಹೋದ್ಯೋಗಿಗಳಿದ್ದಾರೆ. ಮಾಡದ ತಪ್ಪಿಗೆ ಕೊರಗುವವರಿಗೆ ನಾನೂ ಹಾಗೇ ಮಾಡುತ್ತೇನೆ. ಇವರ ಸಂಕಟಕ್ಕೆ ಕಾರಣ ದಿನಾ ಎರಡು ಹೊತ್ತು ಪುಸ್ತಕದಲ್ಲಿ ದಾಖಲಾಗುತ್ತಿತ್ತು. ಅದನ್ನು ಹಾಗೇ ಬಿಟ್ಟು ಉಸಿರಾಟದ ವ್ಯಾಯಾಮ ಕಲಿಸಿದರೆ ಸುಳ್ಳು ಬರೆಯಲು ಶಕ್ತಿ ಕೊಟ್ಟಂತೆ. ಅವರ ಪಕ್ಷ ಯಾವುದೆಂದು ನಾನು ಕೇಳಲಿಲ್ಲ, ಬಿಡಿ ಎಂದೂ ಹೇಳಲಿಲ್ಲ. ಒಂದು ಪಕ್ಷದವರಾಗಿದ್ದುಕೊಂಡೇ ಎದುರಿನವರ ಹಾಲಿಗೆ ಸರಿಯಾದ ಅಂಕಿ ಬರೆಯಬಹುದು. ನಮ್ಮ ಹಳ್ಳಿಗಳಲ್ಲಿ ಇದನ್ನು ದ್ರೋಹ ಎನ್ನುವ ಮಟ್ಟಕ್ಕೆ ಬಂದಿರುವುದೇ ನನ್ನ ಚಿಂತೆ.

ಕೊಟ್ಟ ಸಲಹೆ ಇಷ್ಟು. ಇಳಿಸುವುದು, ಏರಿಸುವುದು ಎರಡನ್ನೂ ಒಂದೇ ದಿನ ನಿಲ್ಲಿಸಬೇಕು, ಮೊದಲು ತಮ್ಮ ಮನೆಯ ಹಾಲಿಗೆ. ಇಳಿಸುವುದನ್ನಷ್ಟೇ ನಿಲ್ಲಿಸಿದರೆ ಲೆಕ್ಕದಲ್ಲಿ ಕೊರತೆ ಬಂದು ಮತ್ತೆ ಯಾರದ್ದಾದರೂ ಹಾಲಿಗೆ ಕೈ ಹಾಕಬೇಕಾಗುತ್ತದೆ. ಕೆನೆ ಮೇಲೆ ನಿಂತರೆ ರೀಡಿಂಗ್ ಹೆಚ್ಚುಕಡಿಮೆ ಬರುತ್ತದೆ, ಆದ್ದರಿಂದ ಹಾಲು ಚೆನ್ನಾಗಿ ಕಲಕಿಯೇ ಸ್ಯಾಂಪಲ್ ತೆಗೆಯುವುದು. ಬಂದ ಅಂಕಿಯನ್ನು ಸಾಲಿಗೆ ಕೇಳುವಂತೆ ಕೂಗಿ ಹೇಳಿ ಬರೆಯುವುದು. ನಾಲ್ಕು ಜನ ಕೇಳಿಸಿಕೊಂಡ ಅಂಕಿಯನ್ನು ತಿದ್ದಿ ಎಂದು ಹೇಳುವುದು ಅಧ್ಯಕ್ಷರಿಗೂ ಕಷ್ಟ.

ಅಧ್ಯಕ್ಷರಿಗೆ ಹೇಳಬೇಕಾದ ಮಾತನ್ನು ಇಲ್ಲೇ ಅಭ್ಯಾಸ ಮಾಡಿಸಿದೆ: “ಅಣ್ಣ, ಮೆಷಿನ್ ತೋರಿಸಿದ್ದೇ ಬರೀತೀನಿ. ನನ್ನ ಓಟು ನಿಮಗೇ.” ಅಷ್ಟೇ. ಮೂರನೇ ಮಾತು ಶುರುವಾದರೆ ಹಳೇ ಚುನಾವಣೆ ಎದ್ದು ಬರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಬೇಡ, ರಾತ್ರಿ ಕುಡಿದು ಕೂತಿರುವಾಗಲಂತೂ ಬೇಡವೇ ಬೇಡ. ಒತ್ತಾಯ ಮಾಡಿದರೆ ಬರವಣಿಗೆಯಲ್ಲಿ ಕೊಡಿ ಎನ್ನಬೇಕು. ರಾಜೀನಾಮೆ ಬೇಡ ಎಂದೆ, ಆ ಕುರ್ಚಿಗೆ ಮಾತು ಕೇಳುವವರನ್ನೇ ತಂದು ಕೂರಿಸುತ್ತಾರೆ. ಎರಡು ವಾರದಾಚೆಗೂ ನಿದ್ದೆ ಬಾರದಿದ್ದರೆ ಜಿಲ್ಲಾಸ್ಪತ್ರೆಯ ಮನೋವೈದ್ಯರು. ಮಧ್ಯರಾತ್ರಿ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ.

ಈಗ ಅವರು ಅಂಕಿ ಕೂಗಿ ಬರೆಯುತ್ತಿದ್ದಾರೆ. ಅವರ ಕಡೆಯ ಇಬ್ಬರು ಮಾತು ಬಿಟ್ಟಿದ್ದಾರೆ. ಹಳೆಯ ಬಾಕಿ ಮಾತ್ರ ಹಾಗೇ ಇದೆ. ಮನೆ ಮನೆಗೆ ಹೋಗಿ ಒಪ್ಪಿಕೊಂಡರೆ ಊರಲ್ಲಿ ಹೊಡೆದಾಟವಾಗಬಹುದು, ಪುಸ್ತಕ ತಿದ್ದಿದ್ದಕ್ಕೆ ಕೇಸೂ ಆಗಬಹುದು. ಮುಚ್ಚಿಡಿ ಎಂದು ನಾನು ಹೇಳಲಾರೆ. ವಕೀಲರನ್ನು ಕಂಡು ಬನ್ನಿ, ಅಷ್ಟರೊಳಗೆ ಯಾವ ಮನೆಗೆ ಎಷ್ಟು ಎಂದು ಪಟ್ಟಿ ಮಾಡಿಡಿ ಎಂದಿದ್ದೇನೆ. ಪಟ್ಟಿ ಅರ್ಧ ಆಗಿದೆ.