ಎಂಟಕ್ಷರದ ಸ್ವಿಫ್ಟ್ ಕೋಡ್ ಸಾಕೇ?

ಪ್ರಶ್ನೆ: ವಿದೇಶದಲ್ಲಿರುವ ಮಗ ನನ್ನ ಖಾತೆಗೆ ಹಣ ಕಳಿಸಬೇಕಿದೆ. ನಮ್ಮ ಬ್ಯಾಂಕಿನವರು ಕೊಟ್ಟ ಸ್ವಿಫ್ಟ್ ಕೋಡ್‌ನಲ್ಲಿ 8 ಅಕ್ಷರಗಳಿವೆ. ಅವನ ಬ್ಯಾಂಕಿನ ಫಾರಂ 11 ಅಕ್ಷರ ಕೇಳುತ್ತಿದೆ. ನನಗೆ ಕೊಟ್ಟ ಕೋಡ್ ಕೂಡ ನನ್ನ ಶಾಖೆಯದ್ದಲ್ಲ, ಮುಖ್ಯ ಕಚೇರಿಯದ್ದಂತೆ. ಹಣ ಬೇರೆಲ್ಲಾದರೂ ಹೋದರೆ?

ಉತ್ತರ: 8 ಅಕ್ಷರದ ಕೋಡ್ ಪೂರ್ಣ ಕೋಡೇ. ಸ್ವಿಫ್ಟ್ ಕೋಡ್ ಅಂದರೂ ಬಿಐಸಿ ಅಂದರೂ ಒಂದೇ, ದೇಶದಿಂದ ದೇಶಕ್ಕೆ ಹಣ ಕಳಿಸುವಾಗ ಬ್ಯಾಂಕನ್ನು ಗುರುತಿಸುವ ಕೋಡ್. ಫ್ರಾಂಕ್‌ಫರ್ಟಿನ ಡಾಯ್ಚ ಬ್ಯಾಂಕಿನ ಕೋಡ್ ನೋಡಿ: ಡಿಇಯುಟಿ-ಡಿಇ-ಎಫ್‌ಎಫ್. ಮೊದಲ ನಾಲ್ಕು ಬ್ಯಾಂಕಿನ ಗುರುತು, ಮುಂದಿನ ಎರಡು ದೇಶದ್ದು, ಕೊನೆಯೆರಡು ಸ್ಥಳದ್ದು. ಇನ್ನೂ ಮೂರಿದ್ದರೆ ಅವು ಶಾಖೆಗೆ. ಫಾರಂ 11 ಅಕ್ಷರ ಬೇಕೇ ಬೇಕೆಂದು ಹಟ ಹಿಡಿದರೆ ಕೊನೆಗೆ ಮೂರು 'ಎಕ್ಸ್' ಸೇರಿಸಲಿ. ಅದರರ್ಥ ಮುಖ್ಯ ಕಚೇರಿ. ಎಷ್ಟೋ ಶಾಖೆಗಳಿಗೆ ಸ್ವಂತ ಕೋಡ್ ಇರುವುದೇ ಇಲ್ಲ. ಕೋಡ್ ತೋರಿಸುವುದು ಬ್ಯಾಂಕನ್ನು. ನಿಮ್ಮನ್ನು ಹುಡುಕುವುದು ಖಾತೆ ಸಂಖ್ಯೆ.

ನಿಮ್ಮ ಭಯ ಇರಬೇಕಾದ ಜಾಗ ಬೇರೆ. ಐಬ್ಯಾನ್ ಎಂಬ ಅಂತರರಾಷ್ಟ್ರೀಯ ಮಾದರಿಯ ಖಾತೆ ಸಂಖ್ಯೆ ಬಳಸುವ ದೇಶಗಳಲ್ಲಿ ಖಾತೆ ಸಂಖ್ಯೆಯೊಳಗೇ ಎರಡು ತಾಳೆ ಅಂಕಿಗಳಿರುತ್ತವೆ, ಒಂದಂಕಿ ತಪ್ಪಿದರೂ ಗಣಕ ಹಿಡಿದುಬಿಡುತ್ತದೆ. ಸ್ವಿಫ್ಟ್ ಕೋಡ್‌ಗೆ ಆ ಕಾವಲಿಲ್ಲ. ಇಲ್ಲದ ಕೋಡ್ ಬರೆದರೆ ಫಾರಂ ತಿರಸ್ಕರಿಸುತ್ತದೆ, ಸರಿ. ಆದರೆ ತಪ್ಪಿ ಬರೆದದ್ದು ಇನ್ನೊಂದು ಬ್ಯಾಂಕಿನ ನಿಜವಾದ ಕೋಡೇ ಆಗಿದ್ದರೆ ಹಣ ಪಾವತಿಯ ಸಂದೇಶ ನೇರ ಅಲ್ಲಿಗೇ ಹೋಗುತ್ತದೆ. ಅಲ್ಲಿ ನಿಮ್ಮ ಖಾತೆ ಸಿಗದಿದ್ದರೆ ಹಣ ಸಾಮಾನ್ಯವಾಗಿ ವಾಪಸಾಗುತ್ತದೆ, ಆದರೆ ದಿನಗಟ್ಟಲೆ ತಡವಾಗಿ, ಶುಲ್ಕ ಕಳೆದುಕೊಂಡು. ಹಾಗಾಗಿ ಅಂತರ್ಜಾಲದ ಯಾವುದೋ ಪಟ್ಟಿಯಿಂದ ಕೋಡ್ ಎತ್ತಿಕೊಳ್ಳಬೇಡಿ. ಬ್ಯಾಂಕ್‌ಗಳು ವಿಲೀನವಾದಾಗ ಹಳೆಯ ಕೋಡ್‌ಗಳು ರದ್ದಾಗುತ್ತವೆ, ಪಟ್ಟಿಯಲ್ಲಿ ಮಾತ್ರ ಉಳಿದಿರುತ್ತವೆ.

ಸ್ವಿಫ್ಟ್ ಹಣ ಸಾಗಿಸುವುದಿಲ್ಲ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. 1973ರಲ್ಲಿ ಬೆಲ್ಜಿಯಂನಲ್ಲಿ ಹುಟ್ಟಿದ ಈ ಸಂಸ್ಥೆ ಒಯ್ಯುವುದು ಸಂದೇಶವನ್ನಷ್ಟೇ. ಹಣದ ಲೆಕ್ಕ ಬ್ಯಾಂಕ್‌ಗಳು ಪರಸ್ಪರ ಇಟ್ಟುಕೊಂಡ ಖಾತೆಗಳಲ್ಲಿ ತೀರುತ್ತದೆ. ಎರಡು ಬ್ಯಾಂಕ್‌ಗಳ ನಡುವೆ ಅಂಥ ಖಾತೆ ಇಲ್ಲದಿದ್ದರೆ ಮಧ್ಯವರ್ತಿ ಬ್ಯಾಂಕ್ ಬರುತ್ತದೆ, ಅದು ತನ್ನ ಪಾಲು ಮುರಿದುಕೊಳ್ಳುವುದೂ ಉಂಟು. ಫಾರಂನಲ್ಲಿ ಮಧ್ಯವರ್ತಿಯ ಕೋಡ್ ಕೇಳಿದ್ದರೆ ನಿಮ್ಮ ಬ್ಯಾಂಕಿನಿಂದಲೇ ಪಡೆಯಿರಿ. ನಿಮ್ಮ ಬ್ಯಾಂಕಿನ ಕೋಡನ್ನೇ ಅಲ್ಲಿ ಮತ್ತೆ ಬರೆಯಬಾರದು. ಪೂರ್ತಿ ಮೊತ್ತವೇ ನಿಮ್ಮ ಕೈಸೇರಬೇಕಿದ್ದರೆ ಮಗ ಶುಲ್ಕದ ಕಲಂನಲ್ಲಿ 'ಒಯುಆರ್' ಆರಿಸಲಿ, ಖರ್ಚು ಅವನದಾಗುತ್ತದೆ. 'ಎಸ್‌ಎಚ್‌ಎ' ಅಂದರೆ ಇಬ್ಬರಿಗೂ ಹಂಚಿಕೆ.

ಕಳಿಸಿದ ಮೇಲೆ ಯುಇಟಿಆರ್ ಎಂಬ ಉದ್ದನೆಯ ಗುರುತು ಸಂಖ್ಯೆಯನ್ನು ಬ್ಯಾಂಕಿನಿಂದ ಕೇಳಿಟ್ಟುಕೊಳ್ಳಲಿ. ಹಣ ಎಲ್ಲಿ ನಿಂತಿದೆಯೆಂದು ಹುಡುಕಲು ಬ್ಯಾಂಕಿನವರಿಗೆ ಬೇಕಾಗುವುದು ಅದೇ.